ಪೆನ್ಸಿಲಿನ ಇಂಟು ಗುರುತು

ನವೆಂಬರ್ 3, 2025, ಸೋಮವಾರ

ಡಾಕ್ಟರು ಹೇಳಿದ್ದು ಇಷ್ಟ: "ಸಾವಂತ್ರಮ್ಮಾರ, ಬಿಪಿ ಏರೇತಿ. ಸಿಟ್ಟು ಬಂದಾಗ ಮಂದಿ ಮ್ಯಾಲ ಹಾಕಬ್ಯಾಡ್ರಿ, ಹಾಳಿ ಮ್ಯಾಲ ಹಾಕ್ರಿ." ಗುಳಿಗಿ ಬ್ಯಾರೆ ಬರದುಕೊಟ್ಟಾರ. ನಾ ಕೆಲಸ ಮಾಡೋ ಲೈಬ್ರರಿಯಾಗ ರದ್ದಿಗೆ ಹಾಕಾಕ ಇಟ್ಟಿದ್ದ ಹಳೇ ರಿಜಿಸ್ಟರೊಂದರ ಹಿಂದಿನ ಅರ್ಧ ಖಾಲಿ ಇತ್ತು. ಅದನ್ನ ಮನಿಗೆ ತಂದು ಬರಿಯಾಕ ಕುಂತೀನಿ.

ಇವತ್ತಿನ ಸಿಟ್ಟು ಪ್ರಿನ್ಸಿಪಾಲ ವಿಜಯಕುಮಾರನ ಮ್ಯಾಲ. ನನಗಿಂತ ಹದಿನೈದು ವರ್ಷ ಸಣ್ಣಾವ. ಎದುರಿಗೆ 'ಸರ್' ಅಂತೀನಿ, ಇಲ್ಲಿ ಯಾರು ಕೇಳ್ತಾರ. ಬಳ್ಳಾರಿ ಗಾಂಧಿನಗರದ ನಮ್ಮ ಲಾ ಕಾಲೇಜಿನಿಂದ ವರ್ಷಕ್ಕೊಂದು ಕಾನೂನು ಪತ್ರಿಕಿ ಬರ್ತೈತಿ. ಇಪ್ಪತ್ತಾರು ಸಂಚಿಕಿ ಆಗ್ಯಾವ. ಅಷ್ಟೂ ವೆಬ್‌ಸೈಟಿಗೆ ಏರಿಸಬೇಕಂತ.

"ಮುಕ್ತ ಪ್ರವೇಶ ಮೇಡಂ. ರೊಕ್ಕ ಇಲ್ಲ, ಪಾಸ್‌ವರ್ಡ್ ಇಲ್ಲ. ಯಾರು ಬೇಕಾದ್ರೂ ಓದಬಹುದು, ಇಳಿಸ್ಕೊಬಹುದು, ಹಂಚಬಹುದು. ಒಂದ ಶರತ್ತು, ಬರದವ್ರ ಹೆಸರು ಹೇಳಬೇಕು."

"ಯಾರು ಬೇಕಾದ್ರೂ ಅಂದ್ರ?"

"ಯಾರು ಬೇಕಾದ್ರೂ."

ಹಂಗಾದ್ರ ನಾ ಇಪ್ಪತ್ತೇಳು ವರ್ಷದಿಂದ ಸೊಂಟಕ್ಕ ಕೀಲಿ ಗೊಂಚಲು ಸಿಗಿಸ್ಕೊಂಡು ಅಡ್ಡಾಡಿದ್ದು ಯಾಕ? ಪುಗಸಟ್ಟೆ ಸಿಕ್ಕದ್ದಕ್ಕ ಮಂದಿ ಬೆಲಿ ಕೊಡ್ತಾರೇನು? ಬಾಗಿಲ ಮ್ಯಾಲ 'ಸದಸ್ಯರಿಗೆ ಮಾತ್ರ' ಅಂತ ದೊಡ್ಡ ಬೋರ್ಡ್ ಹಾಕಿದ್ರೂ ಕಂಪೌಂಡಿನಾಗಿನ ನಾಯಿ ಒಳಗ ಬರ್ತಾವ. ಬೋರ್ಡ್ ತಗದ್ರ ಏನಾಗಬೇಕು?

ಇನ್ನೊಂದೈತಿ. ಲೇಖನ ಬರದ ಪ್ರತಿಯೊಬ್ಬರಿಂದ ಒಪ್ಪಿಗಿ ಫಾರ್ಮಿಗೆ ಸಹಿ ತರೋದು ನಾನ ಅಂತ. ಯಾಕಂದ್ರ ವಿಳಾಸ ಎಲ್ಲ ನನ್ನ ಹತ್ರ ಅದಾವ. ಇಪ್ಪತ್ತಾರನೇ ತಾರೀಖು ಸಂವಿಧಾನ ದಿನ, ಅವತ್ತ ಉದ್ಘಾಟನೆ. ರಿಟೈರ್ ಆಗಾಕ ಎರಡು ವರ್ಷ ಉಳದಾವ, ಈಗ ನನಗ ಈ ಓಡಾಟ.

ನವೆಂಬರ್ 5, ಬುಧವಾರ

ಸಿರುಗುಪ್ಪ ಕಡಿಯ ರಾರಾವಿಯಿಂದ ಪಂಪಣ್ಣ ಅಂತ ಒಬ್ಬ ರೈತ ಬಂದಿದ್ದ. ಕಾಲುವಿ ಕೊನೀ ಭಾಗದ ಹೊಲದವ್ರಿಗೆ ನೀರಿನ ಹಕ್ಕು ಏನೈತಿ ಅಂತ ನಮ್ಮ ಪತ್ರಿಕಿಯಾಗ 2003ರಾಗ ಒಂದು ಲೇಖನ ಬಂದೈತಂತ. ಅವರೂರಾಗ ಯಾರ ಹತ್ರಾನೋ ಇದ್ದ ಜೆರಾಕ್ಸ್ ಪ್ರತಿ ಹರದು ಮೂರು ಪುಟ ಹೋಗ್ಯಾವ, ಅವನ್ನ ನೋಡಬೇಕು ಅಂದ. ಸದಸ್ಯರೇನು ಅಂತ ಕೇಳಿದೆ. ಅಲ್ಲ ಅಂದ. ಹಂಗಾದ್ರ ಆಗಂಗಿಲ್ಲ ಅಂದೆ. "ಆತ್ರೀ ಅಕ್ಕಾರ" ಅಂದು ಹೋದ. ಜಗಳಾಡಿದ್ರ ಛಲೋ ಇತ್ತು. ಸುಮ್ಮನ ಹೋಗಿ ಗೇಟಿನ ಹತ್ರ ಬೇವಿನ ಗಿಡದ ಕೆಳಗ ನಿಂತು ಬಾಟಲಿಯಿಂದ ನೀರು ಕುಡದ.

ಆತ ಹೋದ ಮ್ಯಾಲ ಆ ಸಂಚಿಕಿ ತಗದೆ. ಮಧ್ಯಾಹ್ನ ಡಬ್ಬಿಯಾಗಿನ ರೊಟ್ಟಿ ತಿಂತ ಓದಿದೆ. ಖರೇ ಹೇಳಬೇಕಂದ್ರ ನಾ ಕಾಯೋ ಪತ್ರಿಕಿಯಾಗಿಂದು ನಾ ಓದಿದ್ದು ಇದ ಮೊದಲು. ಕಾನೂನು ಅಂದ್ರ ನಿದ್ದಿ ಬರ್ತೈತಿ ಅಂದ್ಕೊಂಡಿದ್ದೆ. ಈ ಪುಣ್ಯಾತ್ಮ ಬರದಿದ್ದು ಹಂಗಿಲ್ಲ. ಯಾವ ತೂಬಿನಿಂದ ಯಾರ ಗದ್ದಿಗೆ ಎಷ್ಟು ತಾಸು ನೀರು, ಮ್ಯಾಲಿನವ್ರು ಬಂದ್ ಮಾಡಿದ್ರ ಕೆಳಗಿನವ್ರು ಯಾವ ಆಫೀಸಿಗೆ ಯಾವ ಕಲಮಿನ ಪ್ರಕಾರ ಅರ್ಜಿ ಕೊಡಬೇಕು, ಅರ್ಜಿ ಹೆಂಗ ಬರೀಬೇಕು, ಎಲ್ಲಾ ಬಿಡಿಸಿ ಇಟ್ಟೈತಿ. ಬರದವ್ರು ಸಿರುಗುಪ್ಪದ ವಕೀಲ ವಿರೂಪಾಕ್ಷಪ್ಪನೋರು. ದೊಡ್ಡ ಹೆಸರು. ಪ್ರಿನ್ಸಿಪಾಲ ಇವರನ್ನ ಇಪ್ಪತ್ತಾರಕ್ಕ ಮುಖ್ಯ ಅತಿಥಿ ಮಾಡ್ಯಾನ.

ರೊಟ್ಟಿ ಮುಗದ್ರೂ ಲೇಖನ ಮುಗೀಲಿಲ್ಲ. ಚಾ ಹೊತ್ತಿಗೆ ಮುಗಸಿದೆ.

ನವೆಂಬರ್ 8, ಶನಿವಾರ

ಮೂರು ದಿನದಾಗ ನಲವತ್ತೊಂದು ಫೋನು. ಹತ್ತೊಂಬತ್ತು ಮಂದಿ ಒಪ್ಪಿದ್ರು. ಒಬ್ಬರು ಈಗ ಜಡ್ಜ್ ಆಗ್ಯಾರ, ತಮ್ಮ ಹಳೇ ಲೇಖನ ನೆನಸಿ ಹೆದರಿದ್ರು: "ಅದನ್ನ ಯಾರೂ ಓದದಂಗ ಹಾಕಾಕ ಬರಂಗಿಲ್ಲೇನ್ರಿ?" ಇನ್ನೊಬ್ಬರು ತಾವು ಲೇಖನ ಬರದದ್ದನ್ನ ಮರತಿದ್ರು, ನಾ ಓದಿ ಹೇಳಿದ್ದಕ್ಕ "ಛಲೋ ಬರದೀನಲ್ಲ" ಅಂದ್ರು. ನಕ್ಕು ನಕ್ಕು ಹೊಟ್ಟಿ ನೋವಾತು. ಬಿಪಿ ನೋಡಾಕ ಹೋಗಬೇಕಿತ್ತು, ಆಗಲಿಲ್ಲ.

ನವೆಂಬರ್ 11, ಮಂಗಳವಾರ

ವಿರೂಪಾಕ್ಷಪ್ಪನೋರು ಫೋನ್ ಎತ್ತಂಗಿಲ್ಲ, ಕಿವಿ ಮಂದ. ಅದಕ್ಕ ಇವತ್ತ ನಾನ ಸಿರುಗುಪ್ಪಕ್ಕ ಹೋಗಿದ್ದೆ. ಭತ್ತದ ಕಟಾವು, ದಾರಿ ತುಂಬ ಟ್ರ್ಯಾಕ್ಟರು, ಬಸ್ಸು ಎರಡೂವರಿ ತಾಸು ಮಾಡ್ತು.

ಎಂಬತ್ನಾಕು ವರ್ಷದ ಮನುಷ್ಯ, ಕಡ್ಡಿ ಹಂಗ ಅದಾರ. ಸೊಸಿ ಉಗ್ಗಾಣಿ-ಮಿರ್ಚಿ ತಂದಿಟ್ಲು. ಫಾರ್ಮ್ ಕೊಟ್ಟೆ. ಜೇಬಿನಿಂದ ಪೆನ್ನು ತಗದು ಹಾಳಿ ತಿರುವಿ ಮುರುವಿ ನೋಡಿದ್ರು.

"ಇಂಟು ಎಲ್ಲೈತಿ ತಂಗಿ?"

"ಯಾವ ಇಂಟು ಸಾಹೇಬ್ರ?"

"ಸಹಿ ಮಾಡೋ ಜಾಗಾಕ ಪೆನ್ಸಿಲಿನ ಇಂಟು ಇರಬೇಕಲ್ಲವ್ವಾ. ಐವತ್ತು ವರ್ಷ ವಕೀಲಿ ಮಾಡೀನಿ, ಇಂಟು ಇಲ್ಲದ ಸಹಿ ಮಾಡಿಲ್ಲ. ನನ್ನ ಗುಮಾಸ್ತ ಮಾರೇಶ ದಿನಾ ಮುಂಜಾನಿ ಒಂದು ಗಡ್ಡಿ ಕಾಗದ ತಂದಿಡ್ತಿದ್ದ. ಎಲ್ಲಿ ಇಂಟು ಕಂಡೇತಿ ಅಲ್ಲಿ ನನ್ನ ಸಹಿ. ಓದತಿದ್ದಿಲ್ಲ. ಆತ ಓದಿರ್ತಿದ್ದ."

ಎಂಥಾ ವಕೀಲ್ರಪ್ಪ ಅಂತ ಮನಸಿನಾಗ ಅಂದ್ಕೊಂಡೆ. ಇದು ಕೋರ್ಟಿನ ಕಾಗದ ಅಲ್ಲ, ನಿಮ್ಮ ಲೇಖನ, ಒಮ್ಮಿ ಓದಿ ಸಹಿ ಮಾಡ್ರಿ ಅಂತ ಸಂಚಿಕಿ ಕೈಯಾಗಿಟ್ಟೆ. ತಲಿಬರಹ ನೋಡಿದ್ರು, ತಮ್ಮ ಹೆಸರು ನೋಡಿದ್ರು. ಪೆನ್ನಿನ ಟೊಪಗಿ ಹಾಕಿ ಜೇಬಿಗಿಟ್ರು.

"ಇದು ನಂದಲ್ಲ ತಂಗಿ. ಮಾರೇಶಂದು."

ನನ್ನ ಬಾಯಾಗ ಮಿರ್ಚಿ ಹಂಗ ಉಳೀತು. ಆಮ್ಯಾಲ ಅವರ ಬಿಡಿಸಿ ಹೇಳಿದ್ರು. ಪತ್ರಿಕಿ ಅಚ್ಚಾಗಿ ಬಂದಾಗ ಇವರಿಗೆ ಗೊತ್ತಾಗಿದ್ದು. ಅಷ್ಟೊತ್ತಿಗೆ ವಕೀಲರ ಸಂಘದವ್ರು ಶಾಲು ಹೊದಿಸಿ ಹಾರ ಹಾಕಿಬಿಟ್ಟಿದ್ರು. ಗುಮಾಸ್ತನ ಹೆಸರಿದ್ರ ಯಾರೂ ಓದಂಗಿಲ್ಲ ಅಂತ ಮಾರೇಶ ತಾನ ಇವರ ಹೆಸರಿಗೆ ಬರದಾನ, ಗುರುಕಾಣಿಕಿ ಹಂಗ ಕೊಟ್ಟಾನ ಅಂತ ತಿಳದ್ರಂತ. "ಕೊಟ್ಟದ್ದನ್ನ ವಾಪಸ್ ಕೊಟ್ರ ಆತಗ ನೋವಾಕತಿ ಅಂತ ಸುಮ್ಮನಾದೆ. ಸುಮ್ಮನ ಇದ್ದೂ ಇದ್ದೂ ಇಪ್ಪತ್ತೆರಡು ವರ್ಷ ಆತು. ಈಗ ನಾಚಿಕಿ ಬರ್ತೈತಿ."

ಫಾರ್ಮ್ ಖಾಲಿ ವಾಪಸ್ ತಂದೆ.

ನವೆಂಬರ್ 12, ಬುಧವಾರ

ಪ್ರಿನ್ಸಿಪಾಲಗ ಹೇಳಿದೆ. ತಲಿ ಮ್ಯಾಲ ಕೈ ಇಟ್ಕೊಂಡ. "ಮೇಡಂ, ಅಚ್ಚಾದದ್ದು ಅಚ್ಚಾತು. ಅವರು ಮುಖ್ಯ ಅತಿಥಿ. ಆಮಂತ್ರಣ ಹಂಚೀನಿ. ಅವರ ಹೆಸರಿನಾಗ ಇರಲಿ ಬಿಡ್ರಿ, ಯಾರಿಗೇನು ನಷ್ಟ?"

"ಇರೋದ ಒಂದು ಶರತ್ತು ಅಂದ್ರಿ ಸರ್. ಬರದವ್ರ ಹೆಸರು ಹೇಳಬೇಕು ಅಂತ. ಆ ಒಂದರಾಗ ಸುಳ್ಳು ಹೇಳಿ ಊರಿಗೆಲ್ಲ ಹಂಚೋದೇನು?"

ನಾ ಅಂದಿದ್ದು ನನಗ ಆಶ್ಚರ್ಯ ಆತು. ಈ ಪುಗಸಟ್ಟೆ ವ್ಯವಹಾರಕ್ಕೂ ನನಗೂ ಸಂಬಂಧ ಇಲ್ಲ, ಆದ್ರೂ ಮಾಡೋದನ್ನ ನೆಟ್ಟಗ ಮಾಡಬೇಕು. ಪಟ್ಟಿ ಸರಿ ಐತಿ ಅಂತ ಕೊನೀ ಸಹಿ ಲೈಬ್ರರಿಯನ್‌ದು. ಸುಳ್ಳು ಹೆಸರಿದ್ರ ನಾ ಸಹಿ ಹಾಕಂಗಿಲ್ಲ ಅಂದೆ. ಇಪ್ಪತ್ತೆರಡನೇ ತಾರೀಖಿನೊಳಗ ಸರಿ ಮಾಡ್ಕೊಂಡು ಬರ್ರಿ, ಇಲ್ಲಾಂದ್ರ ಆ ಲೇಖನಾನ ಬಿಟ್ಟು ಉಳದದ್ದು ಹಾಕ್ತೀನಿ ಅಂದ. ಲೇಖನಾನ ಬಿಡ್ತಾನಂತ. ಇಪ್ಪತ್ತಾರು ವರ್ಷದಾಗ ಒಂದು ಕೆಲಸಕ್ಕ ಬರೋ ಲೇಖನ ಬಂದೈತಿ, ಅದನ್ನ ಬಿಡ್ತಾನಂತ.

ಬಿಪಿ 160. ಗುಳಿಗಿ ತಗೊಂಡೆ.

ನವೆಂಬರ್ 15, ಶನಿವಾರ

ಕುರುಗೋಡಿಗೆ ಹೋಗಿದ್ದೆ. ಮಾರೇಶಣ್ಣ ಈಗ ಅಲ್ಲಿ ತಾಲ್ಲೂಕಾಫೀಸಿನ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟಾರ, ಅರ್ಜಿನೂ ಬರದುಕೊಡ್ತಾರ. ಅರವತ್ತು ದಾಟೇತಿ. ಗೋಡಿ ಮ್ಯಾಲ ಬುದ್ಧನ ಫೋಟೋ, ಅದರ ಕೆಳಗ ನೀಟಾಗಿ ದಾರ ಕಟ್ಟಿಟ್ಟ ಕಾಗದದ ಗಡ್ಡಿ.

ನಾ ಹೆಸರು ಹೇಳೋದ್ರಾಗ ಅವರ ಅಂದ್ರು: "ಲೈಬ್ರರಿ ಅಕ್ಕಾರಲ್ಲೇನ್ರಿ? ಬರ್ರಿ, ಬರ್ರಿ, ಕುಂದರ್ರಿ." ನನ್ನ ಹೆಂಗ ಗೊತ್ತು ಅಂದೆ. "ಲೇಖನ ಬರಿಯಾಕ ಪುಸ್ತಕ ನೋಡಬೇಕಿತ್ರಿ. ನಿಮ್ಮಲ್ಲಿಗೆ ಬಂದಿದ್ದೆ. ಸದಸ್ಯರಲ್ಲ ಅಂತ ಕಳಿಸಿದ್ರಿ. ಏನೂ ತೊಂದ್ರಿ ಆಗಲಿಲ್ಲ ಬಿಡ್ರಿ. ನಿಮ್ಮ ಕಾಲೇಜಿನಾಗ ಒಬ್ಬ ಹುಡುಗಿ ಓದ್ತಿದ್ಲು, ನಂದಿನಿ ಅಂತ. ಆಕಿ ಒಳಗ ಕುಂತು ನೋಟ್‌ಬುಕ್ಕಿನಾಗ ಬರಕೊಂಡು ಬರ್ತಿದ್ಲು, ನಾ ಬೇವಿನ ಗಿಡದ ಕೆಳಗ ಕುಂತು ಓದತಿದ್ದೆ."

ಒಂದಿಷ್ಟೂ ಕಹಿ ಇಲ್ಲದ ಹೇಳಿದ್ರು. ನನಗ ನೆನಪಿಲ್ಲ ಅಂದೆ. ನೆನಪಿರಲಿಲ್ಲ ಖರೇನ.

ಅಷ್ಟೊತ್ತಿಗೆ ಒಬ್ಬ ಹೆಣ್ಣುಮಗಳು ಕಾಲುವಿ ನೀರಿನ ತಕರಾರು ತಗೊಂಡು ಬಂದ್ಲು. ಮಾರೇಶಣ್ಣ ಆ ಗಡ್ಡಿಯಿಂದ ಒಂದು ಕಟ್ಟು ಎಳದು ಆಕಿ ಕೈಯಾಗಿಟ್ರು. ಏನು ಅಂತ ನೋಡಿದ್ರ ಅದ ಲೇಖನ! ಇಪ್ಪತ್ತೆರಡು ವರ್ಷದಿಂದ ಕೇಳಿದವ್ರಿಗೆಲ್ಲ ಜೆರಾಕ್ಸ್ ಮಾಡಿ ಕೊಡಾಕ ಹತ್ಯಾರಂತ, ರೊಕ್ಕ ತಗೊಳ್ಳಂಗಿಲ್ಲ. ನಮ್ಮ ಪ್ರಿನ್ಸಿಪಾಲ ಮೊನ್ನಿ ಕಲಿತು ಬಂದದ್ದನ್ನ ಈ ಮನುಷ್ಯ ಹೆಸರಿಲ್ಲದ ಮಾಡ್ಕೊಂತ ಕುಂತಾರ. ಪ್ರತಿಯೊಂದರ ಮ್ಯಾಲೂ ವಿರೂಪಾಕ್ಷಪ್ಪನೋರ ಹೆಸರು ಹಂಗ ಐತಿ.

ಹೆಸರಿನ ವಿಷಯ ಎತ್ತಿದೆ. ಮಾರೇಶಣ್ಣ ಮಷೀನಿನ ಮುಚ್ಚಳ ಒರಸ್ತ ನಿಂತ್ರು. "ತಪ್ಪು ನಂದರೀ ಅಕ್ಕಾರ. ಆಫೀಸಿಗೆ ಯಾವ ಫಾರ್ಮ್ ಬಂದ್ರೂ ಸಹಿ ಜಾಗಾಕ ಇಂಟು ಹಾಕೋದು ನನ್ನ ರೂಢಿ. ಲೇಖನದ ಜೋಡಿ ಕಳಿಸೋ ನಿಮ್ಮ ಕಾಲೇಜಿನ ಫಾರ್ಮಿಗೂ ಹಾಕಿದೆ, ನನ್ನ ಸಹಿ ಸಲುವಾಗಿ. ಅದರಾಗ ಸಹಿ ಮಾಡಿದವ್ರ ಹೆಸರ ಅಚ್ಚಾಗ್ತಿತ್ತು. ಚಾ ಕುಡದು ಬಂದು ಸಹಿ ಮಾಡೋಣ ಅಂತ ಮೇಜಿನ ಮ್ಯಾಲಿಟ್ಟು ಹೋದೆ. ಅದು ವಕಾಲತ್ತಿನ ಗಡ್ಡಿಯಾಗ ಸೇರಿಬಿಡ್ತು. ಸಾಹೇಬ್ರು ಇಂಟು ನೋಡಿದ್ರು, ಸಹಿ ಮಾಡಿದ್ರು. ಟಪಾಲಿಗೆ ಹಾಕುವಾಗ ನೋಡಿ ಗಾಬರಿ ಆದೆ."

"ಹರದು ಹಾಕಿ ಬ್ಯಾರೆ ಫಾರ್ಮ್ ತರಿಸಬೇಕಿತ್ತಲ್ಲರೀ?"

"ಸಾಹೇಬ್ರು ಓದೇ ಸಹಿ ಮಾಡ್ಯಾರ, ಅವರಿಗೂ ಹೆಸರಿನ ಆಸೆ ಐತಿ ಅಂತ ಅನ್ನಿಸ್ತು. ನನಗ ಕಾನೂನು ಕಲಿಸಿದವ್ರು ಅವರು. ಒಂದು ಹೆಸರು ತಾನ, ಇರಲಿ ಅಂದ್ಕೊಂಡೆ."

ನಾ ನಕ್ಕುಬಿಟ್ಟೆ. ಏನ್ ಜನಾರೀ ನೀವು! ಒಬ್ಬರು ಕೊಟ್ಟಾನ ಅಂತ ಸುಮ್ಮನದಾರ, ಇನ್ನೊಬ್ಬರು ತಗೊಂಡಾರ ಅಂತ ಸುಮ್ಮನದಾರ. ಯಾರೂ ಕೊಟ್ಟಿಲ್ಲ, ಯಾರೂ ತಗೊಂಡಿಲ್ಲ, ನಡುವ ಒಂದು ಪೆನ್ಸಿಲ್ ಗೀಟು. ಅವರು ಓದಿ ಸಹಿ ಮಾಡಿದ್ದಲ್ಲ, ಅಚ್ಚಾದ ಮ್ಯಾಲ ಗೊತ್ತಾತಂತ ಅಂದೆ.  ಮಾರೇಶಣ್ಣನ ಕಣ್ಣು ಒದ್ದಿ ಆದ್ವು. ಆದ್ರೂ ಹಟ ಬಿಡಲಿಲ್ಲ. "ಅವರು ಬಾಯಿ ಬಿಟ್ಟು ಹೇಳಲಿರೀ. ನಾ ಹೋಗಿ ನನ್ನ ಹೆಸರು ಕೊಡ್ರಿ ಅಂತ ಕೇಳಂಗಿಲ್ಲ."

"ನಿಮಗ ಬೇಕೋ ಬ್ಯಾಡೋ?"

"ಬೇಕರೀ" ಅಂದ್ರು. "ನನ್ನ ಮಕ್ಕಳಿಗೂ ಗೊತ್ತಿಲ್ಲ, ನಾ ಬರದದ್ದು ಅಂತ."

ನವೆಂಬರ್ 17, ಸೋಮವಾರ

ಈ ರಿಜಿಸ್ಟರಿನ ಹಿಂದಿನ ಅರ್ಧದಾಗ ನಾ ಬರಿಯಾಕ ಹತ್ತೀನಿ. ಮುಂದಿನ ಅರ್ಧ ಏನೈತಿ ಅಂತ ಇವತ್ತಿನ ತನಕ ನೋಡಿದ್ದಿಲ್ಲ. 2003ರ ಸಂದರ್ಶಕರ ಪುಸ್ತಕ. ನನ್ನದ ಅಕ್ಷರ. 'ಮಾರೇಶ, ಗುಮಾಸ್ತ, ಸಿರುಗುಪ್ಪ. ಸದಸ್ಯರಲ್ಲ. ವಾಪಸ್.' ಒಮ್ಮೆ ಅಲ್ಲ, ಏಳು ಸಲ. ಸಿರುಗುಪ್ಪದಿಂದ ಬಳ್ಳಾರಿಗೆ ಏಳು ಸಲ ಬಸ್ ಹತ್ತಿ ಬಂದಾರ.

ನಾಚಿಕಿ ಆತು. ಬ್ಯಾರೇನು ಬರೀಲಿ.

ನವೆಂಬರ್ 18, ಮಂಗಳವಾರ

ರಾರಾವಿ ಪಂಪಣ್ಣಗ ಆ ಮೂರು ಪುಟ ಫೋಟೋ ತಗದು ವಾಟ್ಸಾಪಿನಾಗ ಕಳಿಸಿದೆ. ನಂಬರು ಹುಡಕಾಕ ಸಿರುಗುಪ್ಪದ ಮೂರು ಅಕ್ಕಿ ಮಿಲ್ಲಿಗೆ ಫೋನ್ ಮಾಡಬೇಕಾತು. ನಿಯಮ ಮುರದಂಗ ಆತೇನೋ. ಪ್ರಿನ್ಸಿಪಾಲಗ ಹೇಳಿಲ್ಲ.

ನವೆಂಬರ್ 22, ಶನಿವಾರ

ಇವತ್ತ ಕೊನೀ ದಿನ. ಮುಂಜಾನಿ ಕುರುಗೋಡಿಗೆ ಹೋಗಿ ಮಾರೇಶಣ್ಣನ ಅಂಗಡಿ ಮುಂದ ನಿಂತು, ವಿರೂಪಾಕ್ಷಪ್ಪನೋರು ಕರ್ಯಾಕ ಹತ್ಯಾರ ನಡೀರಿ ಅಂದೆ. ಖರೇ ಅಂದ್ರ ಅವರು ಕರದಿರಲಿಲ್ಲ. ಇಬ್ಬರ ನಡುವ ನಾ ಹೇಳಿದ ಸುಳ್ಳು ಇದೊಂದ. ಮಾರೇಶಣ್ಣ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ್ರು.

ಸಿರುಗುಪ್ಪದಾಗ ಆ ಮುದುಕರು ಕಟ್ಟಿ ಮ್ಯಾಲ ಕುಂತಿದ್ರು. "ಲೇ ಮಾರೇಶ" ಅಂದವರ ಎದ್ದು ನಿಂತುಬಿಟ್ರು. ಮಾರೇಶಣ್ಣ ಕಾಲು ಮುಟ್ಟಾಕ ಬಗ್ಗಿದ್ರ ರಟ್ಟಿ ಹಿಡದು ಪಕ್ಕಕ್ಕ ಕುಂದರಿಸಿಕೊಂಡ್ರು. ಆಮ್ಯಾಲ ಶುರುವಾತು ನೋಡು ಇವರ ಮಾತು. ಈ ವರ್ಷ ಭತ್ತದ ರೇಟು ಏನು, ಕುರುಗೋಡಿನ ಬಸ್‌ಸ್ಟ್ಯಾಂಡು ರಿಪೇರಿ ಆತೇನು, ಹಳೇ ಕೋರ್ಟಿನ ಕ್ಯಾಂಟೀನಿನಾವ ಈಗ ಎಲ್ಲದಾನ. ಒಂದು ತಾಸು. ಉಗ್ಗಾಣಿ ಬಂತು, ಹೋತು. ಚಾ ಬಂತು, ಹೋತು. ಲೇಖನದ ಸುದ್ದಿ ಇಬ್ಬರೂ ಎತ್ತವಲ್ರು. ನನ್ನ ಬಿಪಿ ಎಷ್ಟಾಗಿತ್ತೋ ದೇವರಿಗೇ ಗೊತ್ತು.

ಕಡೀಕ ನಾನ ಫಾರ್ಮ್ ತಗದು ಇಬ್ಬರ ನಡುವ ಇಟ್ಟೆ. "ಮೂರು ಗಂಟಿಗೆ ಬಸ್ಸೈತ್ರಿ. ಲೇಖಕರು ಅನ್ನೋ ಜಾಗಾಕ ಯಾರ ಹೆಸರು ಬರೀಲಿ?"

ಇಬ್ಬರೂ ಫಾರ್ಮಿನ ಮ್ಯಾಲ ಬಗ್ಗಿದ್ರು.

ವಿರೂಪಾಕ್ಷಪ್ಪನೋರು ಜೇಬಿಗೆ ಕೈ ಹಾಕಿದ್ರು, ಪೆನ್ನು ಬಂತು, ವಾಪಸ್ ಇಟ್ರು. "ಪೆನ್ಸಿಲ್ ಐತೇನು ತಂಗಿ?" ನನ್ನ ಬ್ಯಾಗಿನಾಗ ಯಾವಾಗ್ಲೂ ಇರ್ತೈತಿ, ಕೊಟ್ಟೆ. ಫಾರ್ಮ್ ತೊಡಿ ಮ್ಯಾಲಿಟ್ಕೊಂಡ್ರು. ಲೇಖಕರ ಸಹಿ ಅನ್ನೋ ಜಾಗಾಕ ಸಣ್ಣದೊಂದು ಇಂಟು ಹಾಕಿದ್ರು. ಒಂದು ಗೀಟು ಉದ್ದ, ಒಂದು ಗಿಡ್ಡ. ಹಾಕಿ ಮಾರೇಶಣ್ಣನ ಮುಂದಿಟ್ರು.

"ಇಲ್ಲಿ ಸಹಿ ಮಾಡಪ್ಪಾ."

ಅಷ್ಟ ಅಂದ್ರು. ಮಾರೇಶಣ್ಣ ಅಂಗಿಯಿಂದ ಚಾಳೀಸು ತಗದು ಹಾಕ್ಕೊಂಡ್ರು. ಫಾರ್ಮ್ ಎತ್ತಿ ಮೊದಲನೇ ಸಾಲಿನಿಂದ ಓದಾಕ ಹತ್ತಿದ್ರು. ಓದಿದ್ರು, ತಿರುವಿದ್ರು, ಹಿಂದಿನ ಸಣ್ಣ ಅಕ್ಷರಾನೂ ಓದಿದ್ರು. ಮತ್ತ ಮೊದಲಿಂದ ಶುರು ಮಾಡಿದ್ರು.

"ಬಸ್ಸು ಹೋಕತಿ, ಸಹಿ ಮಾಡ್ರೀ ಮಾರೇಶಣ್ಣಾರ" ಅಂದೆ.

"ತಡೀರಿ ಅಕ್ಕಾರ. ಓದದ ಸಹಿ ಮಾಡಿದ್ದಕ್ಕ ಇಪ್ಪತ್ತೆರಡು ವರ್ಷ ಹೋಗ್ಯಾವ."

ವಿರೂಪಾಕ್ಷಪ್ಪನೋರು ಮೊದಲು ನಕ್ಕರು. ಆಮ್ಯಾಲ ನಾವು ಮೂವರೂ ನಕ್ವಿ. ಸೊಸಿ ಹೊರಗ ಬಂದು ಏನಾತು ಅಂತ ಕೇಳಿದ್ಲು, ಯಾರಿಗೂ ಹೇಳಾಕ ಆಗಲಿಲ್ಲ. ನಗ್ತಾನ ಮಾರೇಶಣ್ಣ ಸಹಿ ಮಾಡಿದ್ರು. ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಬಂದೆ.

ನವೆಂಬರ್ 26, ಬುಧವಾರ

ಉದ್ಘಾಟನೆ ಆತು. ವಿರೂಪಾಕ್ಷಪ್ಪನೋರದು ಇಪ್ಪತ್ತು ನಿಮಿಷದ ಭಾಷಣ ಅಂತ ಪ್ರಿನ್ಸಿಪಾಲ ಹಾಕಿದ್ದ. ಅವರು ಎರಡು ನಿಮಿಷ ಮಾತಾಡಿದ್ರು. "ನನಗ ಒಂದು ಹಾರ ಹಾಕಿದ್ರಿ 2003ರಾಗ. ಅದು ಈ ಮನುಷ್ಯಂದು" ಅಂತ ಮುಂದಿನ ಸಾಲಿನಾಗ ಕುಂತ ಮಾರೇಶಣ್ಣನ ತೋರಿಸಿ, ಇವತ್ತ ಹಾಕಿದ ಹಾರ ತಗದು ಅವರ ಕೊರಳಿಗೆ ಹಾಕಿ ಕುಂತುಬಿಟ್ರು. ಮಾರೇಶಣ್ಣನ ಇಬ್ಬರು ಮಕ್ಕಳು ಫೋಟೋ ತಗಿಯೋದು ಮರತು ಬಾಯಿ ತಕ್ಕೊಂಡು ನೋಡಾಕ ಹತ್ತಿದ್ರು. ಪ್ರಿನ್ಸಿಪಾಲ ಎಲ್ಲಾ ತಾನ ಮಾಡಿಸಿದಂಗ ಚಪ್ಪಾಳಿ ಬಡದ. ಬಡೀಲಿ ಬಿಡು, ಪಾಪ, ಹುಡುಗ ಒಳ್ಳೇವನ ಅದಾನ.

ವೆಬ್‌ಸೈಟಿನಾಗ 'ಮಾರೇಶ, ಕುರುಗೋಡು' ಅಂತ ಬಂದೈತಿ. ಕೆಳಗ ಎರಡು ಸಾಲಿನ ಟಿಪ್ಪಣಿ, ನಾನ ಬರದದ್ದು: ಅಚ್ಚಿನಾಗ ತಪ್ಪಿ ಬ್ಯಾರೆ ಹೆಸರು ಬಿದ್ದಿತ್ತು ಅಂತ.

ನವೆಂಬರ್ 28, ಶುಕ್ರವಾರ

ಪಂಪಣ್ಣ ರಾರಾವಿಯಿಂದ ಫೋನ್ ಮಾಡಿದ್ದ. ಕಾಲುವಿ ಏರಿ ಮ್ಯಾಲ ಕುಂತು ಹತ್ತು ಮಂದಿ ಒಂದ ಮೊಬೈಲಿನಾಗ ಪೂರ್ತಿ ಓದಿದ್ರಂತ. ಆರನೇ ಪುಟದಾಗ ತೂಬಿನ ನಂಬರು ತಪ್ಪೈತಿ ಅಂದ. ಮಾರೇಶಣ್ಣಗ ಹೇಳಿದೆ. "ಇಷ್ಟು ವರ್ಷದಾಗ ಮೊದಲನೇ ಸಲ ಯಾರೋ ನೆಟ್ಟಗ ಓದ್ಯಾರ್ರಿ" ಅಂತ ಖುಷಿಯಾದ್ರು.

ಬಾಗಿಲಿನ ಬೋರ್ಡ್ ತಗಸಿದೆ. ಮಳಿಗೆ ನೆನದು ಬಹಳ ಕೆಟ್ಟಿತ್ತು, ಅದಕ್ಕ.

ಡಿಸೆಂಬರ್ 2, ಮಂಗಳವಾರ

ಬಿಪಿ 130. ಆ ಡಾಕ್ಟರು ಕೊಟ್ಟ ಗುಳಿಗಿ ಛಲೋ ಅದಾವ.

ಇವತ್ತ ಲೈಬ್ರರಿಯಾಗ ಕುಂತ ಬರಿಯಾಕ ಹತ್ತೀನಿ. ಹನ್ನೊಂದು ಗಂಟಿಗೆ ಮಾರೇಶಣ್ಣ ಬಂದ್ರು. ತೂಬಿನ ನಂಬರು ಸರಿ ಮಾಡಾಕ ಹಳೇ ಆದೇಶ ನೋಡಬೇಕಂತ. ರೂಢಿಯಿಂದ ಬೇವಿನ ಗಿಡದ ಕೆಳಗ ಹೋಗಿ ಕುಂತಿದ್ರು, ನಾ ಹೋಗಿ ಒಳಗ ಕರಕೊಂಡು ಬಂದೆ. ಕಿಟಕಿ ಪಕ್ಕದ ಮೇಜು ಕೊಟ್ಟೆ. ಒಂದು ಪುಸ್ತಕ ಅಂತ ತಗದವ್ರು ಒಂಬತ್ತು ಪುಸ್ತಕಕ್ಕ ನಿಂತ್ರು. ಸಂದರ್ಶಕರ ಪುಸ್ತಕದಾಗ ಹೆಸರು ಬರೀರಿ ಅಂದಿದ್ದಕ್ಕ ಅದನ್ನೂ ಪೂರ್ತಿ ಓದಿ ಬರದ್ರು.

ಐದು ಗಂಟಿ ಆತು. ಮುಚ್ಚೋ ಹೊತ್ತು. ಕೀಲಿ ಗೊಂಚಲಿಗಂತ ಸೊಂಟ ಮುಟ್ಟಿ ನೋಡಿದೆ, ಇಲ್ಲ. ಮೇಜಿನ ಮ್ಯಾಲಿಲ್ಲ, ಡ್ರಾಯರಿನಾಗಿಲ್ಲ. ಮುಂಜಾನಿ ಬಾಗಿಲ ತಗದ ಮ್ಯಾಲ ಎಲ್ಲಿಟ್ಟೀನಿ ಅನ್ನೋದ ನೆನಪಾಗವಲ್ದು.

ಮಾರೇಶಣ್ಣ ತಲಿ ಎತ್ತಿ "ಹೊತ್ತಾತೇನ್ರಿ ಅಕ್ಕಾರ?" ಅಂದ್ರು.

ಇಲ್ಲ, ಓದ್ರಿ ಅಂದೆ.